ದೇವರ ಪಟದ ಪಕ್ಕದ ಕಕ್ಕಸಿನ ಲೈಸೆನ್ಸು

ಬಸ್ಸಿನಲ್ಲಿ ನಮ್ಮೂರು ಬಂದಾಗ ಕಂಡಕ್ಟರಿಗೆ "ನಿಲ್ಸಪ್ಪ" ಎಂದು ಕೂಗಲು ನಾಚಿಕೆಯಾಗಿ, ಮುಂದಿನ ಊರಿನಲ್ಲಿ ಇಳಿದು ವಾಪಸು ನಡೆದು ಬಂದವಳು ನಾನು. ಒಂದು ಸಲವಲ್ಲ, ಎಷ್ಟೋ ಸಲ. ಮುಂದಿನ ಊರಿನವರು ಯಾರಾದರೂ ಇಳಿದೇ ಇಳಿಯುತ್ತಾರೆ, ಅವರ ಬೆನ್ನ ಹಿಂದೆ ಇಳಿದರಾಯಿತು ಎಂಬುದು ನನ್ನ ಉಪಾಯ. ಮದುವೆ ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಉಪ್ಪು ಹಾಕುವುದನ್ನು ಮರೆತರೆ ಕೇಳದೆ ಸಪ್ಪೆ ಉಂಡು ಎದ್ದಿದ್ದೇನೆ. ಇಂಥವಳು ಆಯುಷ್ಯದಲ್ಲಿ ಒಂದೇ ಒಂದು ಸಲ ಊರಿನ ಎದುರು, ದಾಯಾದಿಯ ಎದುರು, ಸರ್ಕಾರದ ಮೊಹರಿನ ಎದುರು ಸೆಟೆದು ನಿಂತೆ. ಅದೂ ಒಂದು ಕಕ್ಕಸಿಗಾಗಿ.

ಹೋದ ಬೇಸಿಗೆ ರಜೆಯಲ್ಲಿ ನಿಮ್ಮಲ್ಲೊಬ್ಬಳು ದೇವರ ಮನೆಯಿಂದ ನಗುತ್ತ ಓಡಿಬಂದು, "ಅಜ್ಜಿ, ದೇವರ ಪಟದ ಪಕ್ಕ ಕಕ್ಕಸಿನ ಲೈಸೆನ್ಸಿಗೆ ಕಟ್ಟು ಹಾಕಿಸಿ ತೂಗಿಹಾಕಿದ್ದೀಯಲ್ಲ!" ಎಂದಳು. ಮಿಕ್ಕವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನು "ಇರ್ಲಿ ಬುಡ್ರೇ" ಎಂದು ಒಲೆಯ ಕಡೆಗೆ ಹೋದೆ. ಎದುರಿಗೆ ಹೇಳುವುದು ನನಗೆ ಬಾರದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅರಳಗುಪ್ಪೆಯ ತವರಿನಲ್ಲಿ ನಾಲ್ಕು ಕ್ಲಾಸು ಓದಿ ಕಲಿತ ಕನ್ನಡ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಕಾಗದವನ್ನು ಮಾತ್ರ ಅಲ್ಲಿಂದ ತೆಗೆಯಬೇಡಿ.

ನೀವು ಬೆಳಗ್ಗೆ ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ. ಒಬ್ಬ ಒಳಗಿಂದ ಹಾಡುತ್ತಾನೆ, ಇನ್ನೊಬ್ಬ ಪೇಪರು ಓದುತ್ತಾನೆ. ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಹಾಡೂ ಇರಲಿಲ್ಲ, ಹೆಸರೂ ಇರಲಿಲ್ಲ. "ಕೆರೆ ಕಡೆ ಹೋಗಿ ಬತ್ತೀನಿ" ಎನ್ನುತ್ತಿದ್ದೆವು. ಕೆರೆಯಲ್ಲಿ ನಮಗೇನೂ ಕೆಲಸವಿರಲಿಲ್ಲ. "ಹೊರಕ್ಕೆ" ಎನ್ನುತ್ತಿದ್ದೆವು, "ಬಯಲಿಗೆ" ಎನ್ನುತ್ತಿದ್ದೆವು, ಅಥವಾ ಏನೂ ಅನ್ನದೆ ಚೊಂಬು ಎತ್ತಿಕೊಳ್ಳುತ್ತಿದ್ದೆವು. ಹರಿಕಥೆ ದಾಸರು ಅರಮನೆಯನ್ನು ಎಷ್ಟು ಚೆನ್ನಾಗಿ ವರ್ಣಿಸುತ್ತಾರೆ! ಸಾವಿರ ಕಂಬದ ಸಭೆ, ಹಾಲಿನಂಥ ಗಚ್ಚು, ರಾಣಿಯ ಶಯ್ಯಾಗೃಹ, ರಾಣಿಯ ಸಖಿಯರು. ಚಿಕ್ಕಂದಿನಿಂದ ಎಷ್ಟೋ ಹರಿಕಥೆ ಕೇಳಿದ್ದೇನೆ. ಆ ರಾಣಿ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದಳು ಎಂದು ಒಬ್ಬರೂ ಹೇಳಲಿಲ್ಲ. ಕೇಳಬೇಕು ಎನಿಸುತ್ತಿತ್ತು. ಎಲೆಗೆ ಉಪ್ಪು ಕೇಳದವಳು ದಾಸರನ್ನು ಇದನ್ನು ಕೇಳುತ್ತೇನೆಯೇ?

ಗಂಡಸರಿಗೆ ಬಯಲು ಹೊತ್ತಿಲ್ಲದ ಹೊತ್ತಿನಲ್ಲೂ ತೆರೆದೇ ಇರುತ್ತಿತ್ತು. ನಮಗೆ ಹಾಗಲ್ಲ. ಬೆಳಕು ಹರಿಯುವ ಮುಂಚೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಒಂದು ಸಲ. ನಡುವೆ ಹೊಟ್ಟೆ ಏನಾದರೂ ಅಂದರೆ ಅದಕ್ಕೆ ಬುದ್ಧಿ ಹೇಳಬೇಕು. ಬುದ್ಧಿ ಹೇಳುವ ಸುಲಭದ ದಾರಿ ಎಂದರೆ ನೀರು ಕುಡಿಯದೆ ಇರುವುದು. ಯಾರೂ ಕಲಿಸದೆ ಎಲ್ಲ ಹೆಂಗಸರೂ ಕಲಿತಿದ್ದ ವಿದ್ಯೆ ಅದು.

ನಿಮ್ಮ ತಾತ ತೀರಿಹೋಗಿ ಆರು ವರ್ಷವಾಗಿತ್ತು. ನಿಮ್ಮ ಅಮ್ಮ ತಿಪಟೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಳು. ಮನೆಯಲ್ಲಿ ನಾನು ಮತ್ತು ನಮ್ಮತ್ತೆ, ಅಂದರೆ ನಿಮ್ಮ ಮುತ್ತಜ್ಜಿ. ಒಂದು ಮಳೆಗಾಲದ ಮುಂಜಾನೆ ಅತ್ತೆ ಕೆರೆ ಏರಿಯ ಇಳಿಜಾರಿನಲ್ಲಿ ಚೊಂಬಿನ ಸಮೇತ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ತಿಪಟೂರಿನ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ, ತಮ್ಮನ ಮನೆಯಲ್ಲೇ ಇಟ್ಟುಕೊಂಡು ಮೂರು ತಿಂಗಳು ಆರೈಕೆ ಮಾಡಿದೆವು. ಆ ಮನೆಯ ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕಿನ ಕಕ್ಕಸಿತ್ತು. ಮೊದಲ ವಾರ ಅತ್ತೆ ಮೂಗು ಮುಚ್ಚಿಕೊಂಡು, "ಉಣ್ಣೋ ಮನೆಗೂ ಇದಕ್ಕೂ ಒಂದೇ ಗೋಡೆಯೇನೇ?" ಎಂದು ಬೈದರು. ಎರಡನೆಯ ವಾರ ಬೈಯಲಿಲ್ಲ. ಮೂರನೆಯ ವಾರ ಮಜ್ಜಿಗೆಯನ್ನು ಎರಡು ಲೋಟ ಕೇಳಿದರು.

ಊರಿಗೆ ಬಂದೆವು. ಕೋಲು ಹಿಡಿದು ಜಗಲಿಯವರೆಗೆ ನಡೆಯುವುದೇ ಅವರಿಗೆ ಹೆಚ್ಚು. ಏರಿ ಇಳಿಯುವ ಮಾತೇ ಇಲ್ಲ. ಹಿತ್ತಲಿನ ಮೂಲೆಯಲ್ಲಿ ತೆಂಗಿನ ಗರಿಯ ತಡಿಕೆ ಕಟ್ಟಿದೆ. ಆಮೇಲಿನ ಕೆಲಸವನ್ನೂ ನಾನೇ ಮಾಡುತ್ತಿದ್ದೆ. ನನಗೆ ಅದು ಭಾರವೆನಿಸಲಿಲ್ಲ, ಅವರಿಗೆ ಎನಿಸಿತು. ಜಗಳಗಂಟಿ ಹೆಂಗಸು, ಸೊಸೆಯನ್ನು ಗದರಿಸಿ ಕೆಲಸ ಹೇಳಿ ರೂಢಿಯಿದ್ದವರು, ಈ ಕೆಲಸ ಹೇಳಲಾರದೆ ಮೌನವಾದರು. ನೀರು ಕೊಟ್ಟರೆ ತುಟಿ ನೆನೆಸಿಕೊಂಡು ಚೊಂಬು ವಾಪಸು. ಇಡೀ ಮುದ್ದೆ ಉಣ್ಣುತ್ತಿದ್ದವರು ಕಾಲು ಮುದ್ದೆಗೆ ಬಂದರು. ಕೇಳಿದರೆ "ಹಸಿವಿಲ್ಲ ಬುಡೇ" ಎನ್ನುವರು.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಅದು ಉಂಡೆ ಕೊಬ್ಬರಿ. ಆ ವರ್ಷ ಅಟ್ಟಕ್ಕೆ ಕಾಯಿ ತುಂಬಿಸಿದ ದಿನ ಸಂಜೆ, ಅತ್ತೆ ಮುಟ್ಟದೆ ಇಟ್ಟ ನೀರಿನ ಚೊಂಬನ್ನು ನೋಡಿದೆ. ಮೇಲೆ ಕಾಯಿ ಒಣಗಲು ಕೂತಿವೆ, ಕೆಳಗೆ ನಮ್ಮತ್ತೆ. ಅವತ್ತೇ ದೀಪದ ಬೆಳಕಿನಲ್ಲಿ ಅರ್ಜಿ ಬರೆದೆ.

ಅರ್ಜಿ ಯಾಕೆ ಎನ್ನುತ್ತೀರಿ. ಆಗ ಸಿಮೆಂಟು ಅಂಗಡಿಯಲ್ಲಿ ಸುಮ್ಮನೆ ಸಿಗುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಪರ್ಮಿಟ್ಟು ಬೇಕು. ಪರ್ಮಿಟ್ಟು ಬೇಕಾದರೆ ಕಟ್ಟಡಕ್ಕೆ ಪಂಚಾಯ್ತಿ ಲೈಸೆನ್ಸು ಬೇಕು. ಸುಮ್ಮನೆ ಒಂದು ಗುಂಡಿ ತೋಡಿ ಮೇಲೆ ಹಲಗೆ ಹಾಕಿದರೆ ಸಾಲದು, ಪಕ್ಕದಲ್ಲಿ ಬಾವಿ ಇದೆ, ಸಿಮೆಂಟಿನಲ್ಲಿ ಎರಡು ಕೋಣೆಯ ಟ್ಯಾಂಕೇ ಆಗಬೇಕು ಎಂದು ತಮ್ಮನ ಮನೆಯ ಕೆಲಸ ಮಾಡಿದ್ದ ಗಾರೆಯವನು ಹೇಳಿದ್ದ. ಹೊಲಸಿಗೂ ಎರಡು ಕೋಣೆ! ಆಗ ನಮ್ಮ ಮನೆಗೇ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ.

ಅರ್ಜಿಯಲ್ಲಿ ಆ ಪದ ಬರೆಯಲು ಕೈ ಬರಲಿಲ್ಲ. "ಹಿತ್ತಲಲ್ಲಿ ಹೆಂಗಸರ ಅನುಕೂಲಕ್ಕಾಗಿ ಒಂದು ವ್ಯವಸ್ಥೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು" ಎಂದು ಮುದ್ದಾಗಿ ಬರೆದು, ಎರಡು ಮೈಲಿ ನಡೆದು ಪಂಚಾಯ್ತಿ ಆಫೀಸಿಗೆ ಕೊಟ್ಟೆ. ಸೆಕ್ರೆಟರಿ ಬೇರೆ ಕಡೆಯಿಂದ ವರ್ಗವಾಗಿ ಬಂದವರು. ಬೆಂಚಿನ ತುಂಬ ಕೂತಿದ್ದ ಗಂಡಸರಿಗೆಲ್ಲ ಕೇಳುವಂತೆ ಓದಿದರು.

"ಎಂಥ ವ್ಯವಸ್ಥೆ ಕಣಮ್ಮ ಇದು?"

ನಾನು ನೆಲ ನೋಡಿದೆ.

"ಹೆಂಗಸ್ರ ಸಂಘ ಕಟ್ತಾರೇನೋ ಬುಡಿ ಸ್ವಾಮಿ," ಎಂದ ಬೆಂಚಿನವನೊಬ್ಬ. ನಗು ಎದ್ದಿತು. ನಾನು ಅರ್ಜಿ ಕಿತ್ತುಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಮತ್ತೆ ಅದೇ ತುಂಬಿದ ಚೊಂಬು. ಎರಡನೆಯ ಸಲ ಬರೆದೆ. ಈ ಸಲ ಮೊದಲ ಸಾಲಿನಲ್ಲೇ, ಶಾಲೆಯಲ್ಲಿ ಕಾಪಿ ಬರೆಯುತ್ತಿದ್ದಷ್ಟು ದಪ್ಪಕ್ಷರದಲ್ಲಿ, ಕಕ್ಕಸು ಎಂದು ಬರೆದೆ. ಬರೆದು ನೋಡಿದರೆ ಅದೂ ಎಲ್ಲ ಪದಗಳಂತೆ ಒಂದು ಪದ. ಮೇಲಿನಿಂದ ಏನೂ ಬೀಳಲಿಲ್ಲ. ಕೆಳಗೆ "ಸೆಪ್ಟಿಕ್ ಟ್ಯಾಂಕ್ ಸಹಿತ" ಎಂದೂ ಸೇರಿಸಿದೆ.

ಸೆಕ್ರೆಟರಿ ಈ ಸಲ ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ತಿರುವಿ, "ಮನೆ ಖಾತೆ ಯಜಮಾನ್ರ ಹೆಸ್ರಲ್ಲೈತೆ. ಅವರ ರುಜು ಬೇಕಲ್ಲಮ್ಮ," ಎಂದರು.

"ಅವರು ಹೋಗಿ ಆರು ವರ್ಷ ಆಯ್ತು," ಎಂದೆ.

"ಅದು ಸರಿ. ಆದ್ರೂ ಖಾತೆ ಅವರ ಹೆಸ್ರಲ್ಲೇ ಐತಲ್ಲ? ಅರ್ಜಿ ಇಟ್ಟು ಹೋಗಿ, ನೋಡೋಣ."

ಅದಕ್ಕೆ ಕೊಡಬೇಕಾದ ಉತ್ತರ ನನಗೆ ಅರ್ಧ ದಾರಿಯಲ್ಲಿ, ಒಂದು ಹುಣಸೆ ಮರದ ಕೆಳಗೆ ಹೊಳೆಯಿತು. ನಾಚಿಕೆಯವರ ಹಣೆಬರಹವೇ ಅಷ್ಟು. ಉತ್ತರವೆಲ್ಲ ಮನೆಗೆ ಹೋಗುವ ದಾರಿಯಲ್ಲಿ ಬಂದು ಸೇರಿಕೊಳ್ಳುತ್ತದೆ. ವಾಪಸು ಹೋಗಿ ಹೇಳುವಷ್ಟು ಧೈರ್ಯವಿರಲಿಲ್ಲ. ಮಾತನ್ನು ಹಾಗೇ ಮನಸ್ಸಿನ ಅಟ್ಟಕ್ಕೆ ಹಾಕಿಟ್ಟೆ. ಬೇಕಾದಾಗ ಇಳಿಸಿದರಾಯಿತು.

ತಿಂಗಳುಗಳು ಉರುಳಿದವು, ಪಂಚಾಯ್ತಿಯಿಂದ ಸುದ್ದಿಯಿಲ್ಲ. ಆಗ ನನಗೊಂದು ಯೋಚನೆ ಬಂತು. ಟ್ಯಾಂಕಿಗೆ ಲೈಸೆನ್ಸು ಬೇಕು, ಸಿಮೆಂಟಿಗೆ ಪರ್ಮಿಟ್ಟು ಬೇಕು. ಆದರೆ ನಮ್ಮ ಕಡೆ ತೆಂಗಿನ ಸಸಿಗೆ ಗುಂಡಿ ತೋಡಲು ಯಾರ ಅಪ್ಪಣೆ? ಮುಂಗಾರಿಗೆ ಮುಂಚೆ ಎಲ್ಲರ ಹಿತ್ತಲಲ್ಲೂ ಮೂರಡಿ ಚೌಕದ ಗುಂಡಿ ಬಾಯಿ ತೆರೆದುಕೊಂಡೇ ಇರುತ್ತವೆ. ಗುಂಡಿ ತೋಡುವ ಕೆಂಚಯ್ಯನನ್ನು ಕರೆಸಿ ಜಾಗ ತೋರಿಸಿದೆ. ಅವನು ಮೂರಡಿ ತೋಡಿ ಮೇಲೆ ಬಂದ. "ಇನ್ನೂ ಆಗ್ಲಿ," ಎಂದೆ. ಉದ್ದಕ್ಕೂ ಇನ್ನಷ್ಟು ಎಂದೆ. ಮೂರನೆಯ ದಿನ ಗುಂಡಿಯೊಳಗಿನಿಂದ ಅವನ ತಲೆಯ ಟವಲು ಮಾತ್ರ ಕಾಣುತ್ತಿತ್ತು.

"ಅವ್ವ, ಇದೆಂಥ ಸಸಿ ಕಣವ್ವ, ನಾನೇ ಮುಳುಗೋ ಹಂಗೈತೆ?"

"ಹೊಸ ತಳಿ ಕಣಪ್ಪ, ತೋಡು."

"ನಡುವೆ ಗೋಡೆಗೆ ಜಾಗ ಬುಡು ಅಂತೀರಿ. ಎರಡು ರೂಮ್ ಕೇಳ್ತೈತಾ ನಿಮ್ ಸಸಿ?"

ಜಗಲಿಯ ಮೇಲಿನ ಮಂಚದಿಂದ ಅತ್ತೆ, "ದೊಡ್ಡ ಮನೆತನದ ಸಸಿ ಕಣ್ಲಾ, ತೆಪ್ಪಗೆ ತೋಡು," ಎಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ತಮಾಷೆ ಕೇಳಿ ನನಗೆ ಖುಷಿಯಾಯಿತು.

ಕೆಂಚಯ್ಯ ನಕ್ಕು ಸುಮ್ಮನಾದ, ಪಕ್ಕದ ಮನೆಯ ಬಸಣ್ಣ ಭಾವ ಸುಮ್ಮನಾಗಲಿಲ್ಲ. ಅವರು ನಮ್ಮ ಮಾವನವರ ಅಣ್ಣನ ಮಗ. ಬಾವಿ ಅವರ ಪಾಲಿನದು. ಆರೂವರೆ ಅಡಿಯ ಬಾಗಿಲಿಗೂ ತಲೆ ಬಗ್ಗಿಸುವಷ್ಟು ಎತ್ತರದ ಆಳು. ಬೇಲಿಯ ಮೇಲಿಂದ ಇಣುಕಿ ನೋಡಿದರು. ಮಾರನೆಯ ದಿನವೇ ಪಂಚಾಯ್ತಿಗೆ ತಕರಾರು ಕೊಟ್ಟರು. ಕುಡಿಯುವ ನೀರಿನ ಬಾವಿಯಿಂದ ಐವತ್ತಡಿಯೊಳಗೆ ಟ್ಯಾಂಕು ಕೂಡದು ಎಂದು ನಿಯಮವಿತ್ತಂತೆ. ನಿಯಮ ತಪ್ಪೆಂದು ನಾನೂ ಹೇಳುವುದಿಲ್ಲ, ಆ ಬಾವಿಯ ನೀರನ್ನು ನಾವೂ ಕುಡಿಯುವವರೇ. ಅರ್ಜಿಗೆ ಏಳು ತಿಂಗಳು ಏಳದ ಸೆಕ್ರೆಟರಿ ತಕರಾರಿಗೆ ಏಳು ದಿನದಲ್ಲಿ ಎದ್ದು ಬಂದರು.

ನಮ್ಮ ಕಡೆ ಎಳನೀರು ಕೆಡವುವುದೆಂದರೆ ಜೀವ ಹಿಂಡಿದ ಹಾಗೆ, ಒಂದು ಎಳನೀರಿಗೆ ಒಂದು ಕೊಬ್ಬರಿ ಹೋಯಿತು. ಆದರೂ ಸೆಕ್ರೆಟರಿಗೆ ಎರಡು ಕೆಡವಿಸಿದೆ. ಅವರು ಟೇಪು ತಂದಿರಲಿಲ್ಲ.

"ಟೇಪ್ ಯಾಕೆ ಸ್ವಾಮಿ, ಮಾರು ಹಾಕಿದ್ರಾಯ್ತು," ಎಂದು ಭಾವ ತೆಂಗಿನ ನಾರಿನ ಹಗ್ಗ ತಂದು ಬಾವಿಯ ಕಟ್ಟೆಯಿಂದ ಗುಂಡಿಯ ಅಂಚಿಗೆ ಎಳೆದರು. ಆಮೇಲೆ ಎರಡೂ ಕೈ ಅಗಲಿಸಿ ಹಗ್ಗವನ್ನು ಮಾರುಮಾರಾಗಿ ಎಣಿಸಿದರು. "ಎಂಟು. ಮಾರಿಗೆ ಆರಡಿಯಂಗೆ ನಲವತ್ತೆಂಟು. ಎರಡಡಿ ಕಮ್ಮಿ. ನಾನೇನ್ ಮಾಡ್ಲಿ, ಹಗ್ಗ ಹೇಳ್ತೈತೆ."

ನಮ್ಮಲ್ಲಿ ಸೊಸೆಯರು ಭಾವನ ಎದುರು ಬರುವುದಿಲ್ಲ, ಮಾತು ಆಡುವುದಿಲ್ಲ. ಆಡಲೇಬೇಕಾದರೆ ನಡುವೆ ಒಬ್ಬರಿರಬೇಕು. ನಾನು ಬಾಗಿಲ ಹಿಂದೆ ನಿಂತಿದ್ದೆ. ಭಾವ ಹತ್ತಡಿ ದೂರದಲ್ಲಿದ್ದರು. ನಡುವೆ ಮಂಚದ ಮೇಲೆ ಅತ್ತೆ.

"ಅತ್ತೆ, ಭಾವನ ಕೈ ಆರಡಿ ಅಲ್ಲ ಅಂತ ಹೇಳಿ," ಎಂದೆ.

"ಬಸಣ್ಣ, ನಿನ್ ಕೈ ಆರಡಿ ಅಲ್ವಂತೆ ಕಣಪ್ಪ."

"ಚಿಕ್ಕವ್ವ, ಗಂಡಸ್ರು ಅಳ್ತೆ ಮಾಡೋವಾಗ ಮಧ್ಯ ಬಾಯಿ ಹಾಕ್ಬಾರ್ದು ಅಂತ ನಿನ್ ಸೊಸೆಗೆ ಹೇಳು."

"ನಂಗೆ ಕೇಳಿಸ್ತು ಅಂತ ಹೇಳಿ ಅತ್ತೆ."

"ಅವಳಿಗೆ ಕೇಳಿಸ್ತಂತೆ ಕಣಪ್ಪ."

ಸೆಕ್ರೆಟರಿ ಎಳನೀರು ಹಿಡಿದುಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಿದ್ದರು. ಬುರುಡೆ ಖಾಲಿಯಾಯಿತು. ಎದ್ದು ಪೆನ್ನು ತೆಗೆದು, "ಹಂಗಾದ್ರೆ ಅರ್ಜಿ ವಜಾ ಅಂತ ಬರೀತೀನಿ," ಎಂದರು.

ಆಗ ಅತ್ತೆ ನನ್ನ ಕಡೆ ತಿರುಗಿದರು. "ಗಂಗಾ," ಎಂದರು, "ಮರ ಎಣ್ಸೇ."

ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬಾವಿಯಿಂದ ನಮ್ಮ ಹಿತ್ತಲಿನ ತುದಿಯವರೆಗೆ ತೆಂಗಿನ ಮರದ ಒಂದು ಸಾಲು ಹೋಗುತ್ತದೆ. ಅತ್ತೆ ಹೊಸದಾಗಿ ಈ ಮನೆಗೆ ಬಂದಾಗ ಮಾವನವರು ಮತ್ತು ಅವರ ಅಣ್ಣ ಸೇರಿ ನೆಟ್ಟ ಸಾಲು ಅದು. ಅಳತೆ ಮಾಡಿ ಗುರುತು ಹಾಕಿದ ಬಿದಿರು ಗಳದಲ್ಲಿ ಮೂವತ್ತಡಿಗೆ ಒಂದರಂತೆ ನೆಟ್ಟರು. ಗಳದ ಒಂದು ತುದಿ ಹಿಡಿದಿದ್ದವರು ಅತ್ತೆ. ಈ ಕಥೆಯನ್ನು ಅವರು ನನಗೆ ನೂರು ಸಲ ಹೇಳಿದ್ದರು, ನಾನು ನೂರು ಸಲವೂ ಅರ್ಧ ಕಿವಿಯಲ್ಲಿ ಕೇಳಿದ್ದೆ.

ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಹೊಸ್ತಿಲು ದಾಟಿದೆ. ಬಾವಿಯ ಪಕ್ಕದ ಮರ ಮುಟ್ಟಿದೆ, ನಡುವಿನ ಮರ ಮುಟ್ಟಿದೆ, ಗುಂಡಿಯ ಆಚೆಯ ಮರ ಮುಟ್ಟಿದೆ. ಅತ್ತೆಯ ಕಡೆ ನೋಡಲಿಲ್ಲ. ನೇರವಾಗಿ ಭಾವನಿಗೇ ಹೇಳಿದೆ:

"ಭಾವ, ಮರಕ್ಕೂ ಮರಕ್ಕೂ ಮೂವತ್ತಡಿ. ಎರಡು ಸಂದಿಗೆ ಅರವತ್ತು. ಬಾವಿ ಕಟ್ಟೆ ಆ ಮರದಿಂದ ಈಚೆಗೆ ಮೂರಡಿ, ಗುಂಡಿ ಈ ಮರದಿಂದ ಆಚೆಗೆ ಐದಡಿ. ಎಂಟು ಕಳೆದ್ರೆ ಐವತ್ತೆರಡು ಉಳೀತದೆ."

"ಮರ ಮೂವತ್ತಡಿಗೇ ಐತೆ ಅಂತ ಯಾರಿಗ್ ಗೊತ್ತು?" ಎಂದರು ಭಾವ. ನನ್ನ ಮುಖ ನೋಡದೆ, ಆದರೆ ನನಗೇ ಹೇಳಿದರು.

"ನಿಮ್ಮ ತೋಟ ನಮ್ಮ ತೋಟ ಪಾಲಾಗಿದ್ದು ಇದೇ ಸಾಲು ಎಣಿಸಿ ಅಲ್ವಾ? ಮೂವತ್ತಡಿ ಅಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ. ಸೆಕ್ರೆಟರಿಗಳೂ ಇದ್ದಾರೆ. ಪಾಲನ್ನೂ ಇನ್ನೊಂದು ಸಲ ಅಳೆಸಿಬಿಡೋಣ."

ಭಾವ ಕೈಯಲ್ಲಿದ್ದ ಹಗ್ಗವನ್ನು ಸುತ್ತತೊಡಗಿದರು. ಸುತ್ತಿ ಮುಗಿದ ಮೇಲೆ, "ಮರ ಮೂವತ್ತಡಿಗೇ ಐತೆ ಬುಡಿ ಸ್ವಾಮಿ. ಹಗ್ಗ ಹಳೇದು, ಎಳ್ದಂಗೆಲ್ಲ ಎಳ್ಕೊತದೆ," ಎಂದರು.

"ಎಳ್ಕೊಂಡ್ರೆ ಉದ್ದ ಬರ್ಬೇಕಿತ್ತಲ್ಲೋ ಬಸ?" ಎಂದರು ಅತ್ತೆ. ಭಾವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿದರು. ಸೆಕ್ರೆಟರಿ ಐವತ್ತೆರಡು ಎಂದು ಬರೆದುಕೊಂಡು ಹೋದರು.

ಅಟ್ಟದ ಕಾಯಿ ಗಡಗಡ ಎನ್ನುವ ಹೊತ್ತಿಗೆ ಲೈಸೆನ್ಸು ಆಗಿದೆ ಎಂದು ಹೇಳಿಕಳಿಸಿದರು. ಹೋದೆ. ಅದೇ ಬೆಂಚು, ಬಹುಶಃ ಅದೇ ಗಂಡಸರು. ಕಾಗದ ಕೈಗೆ ಬಂತು, ಓದಿದೆ. ನಿಮ್ಮ ತಾತನ ಹೆಸರಿಗೆ ಬರೆದಿತ್ತು. ಸದರಿಯವರು ತಮ್ಮ ಸ್ವಂತ ಉಪಯೋಗಕ್ಕಾಗಿ ಕಕ್ಕಸು ಕಟ್ಟಿಕೊಳ್ಳತಕ್ಕದ್ದು!

ಕಾಗದವನ್ನು ಮೇಜಿನ ಮೇಲೆ ವಾಪಸು ಇಟ್ಟೆ.

"ಇದು ನನ್ನ ಹೆಸರಲ್ಲಿಲ್ಲ," ಎಂದೆ.

"ಖಾತೆ ಹೆಂಗೈತೋ ಹಂಗೇ ಬರೀಬೇಕು ಕಣಮ್ಮ. ಸಿಮೆಂಟ್ ಸಿಗ್ತೈತೆ, ತಗೊಂಡ್ ಹೋಗಿ."

ಅವರು ಹೇಳಿದ್ದು ನಿಜ. ತೆಗೆದುಕೊಂಡು ಹೋಗಿದ್ದರೆ ಸಿಮೆಂಟು ಸಿಗುತ್ತಿತ್ತು. ಆದರೆ ಹುಣಸೆ ಮರದ ಕೆಳಗಿನ ಮಾತು ಇಷ್ಟು ದಿನದಲ್ಲಿ ಒಳಗೇ ಒಣಗಿ, ಚಿಪ್ಪು ಬಿಟ್ಟು, ಗಡಗಡ ಎನ್ನುತ್ತಿತ್ತು.

"ಅವರಿಗೆ ಈಗ ಕಕ್ಕಸು ಬೇಕಾಗಿಲ್ಲ ಸ್ವಾಮಿ," ಎಂದೆ. "ನಮಗೆ ಬೇಕು."

ಬೆಂಚಿನವರು ನಗಲಿಲ್ಲ. ಅದರ ತುದಿಯಲ್ಲಿ ಸ್ವಲ್ಪ ಜಾಗವಿತ್ತು. ಹೋಗಿ ಕೂತೆ. ಆ ಬೆಂಚಿನ ಮೇಲೆ ಅದಕ್ಕೆ ಮುಂಚೆ ಹೆಂಗಸು ಕೂತದ್ದನ್ನು ನಾನು ನೋಡಿರಲಿಲ್ಲ. ಪಕ್ಕದಲ್ಲಿದ್ದವನು ಎದ್ದು ನಿಂತ. ಸೆಕ್ರೆಟರಿ ಮೂರು ಜನರ ಕೆಲಸ ಮುಗಿಸಿದರು. ನಾನು ಅಲ್ಲೇ ಇದ್ದೆ. ಊಟ ಮಾಡಿ ಬಂದರು. ಅಲ್ಲೇ ಇದ್ದೆ. ಕೊನೆಗೆ ಒಂದು ಉಸಿರು ಬಿಟ್ಟು, ಕಾಗದ ಎಳೆದುಕೊಂಡು, ಹಳೆಯ ಸಾಲನ್ನು ಹೊಡೆದುಹಾಕಿ ಮೇಲೆ ಬರೆದರು: ಗಂಗಮ್ಮ ಕೋಂ ಲೇಟ್. ಮುಂದೆ ನಿಮ್ಮ ತಾತನ ಹೆಸರು. ಕೋಂ ಎಂದರೆ ಕಚೇರಿಯ ಭಾಷೆಯಲ್ಲಿ ಹೆಂಡತಿ. ಪಕ್ಕದಲ್ಲಿ ರುಜು, ಅದರ ಮೇಲೆ ಮೊಹರು. ನನ್ನ ಹೆಸರು ಹತ್ತಿದ ಮೊದಲ ಸರ್ಕಾರಿ ಕಾಗದ ಅದು. ನಮ್ಮ ಮದುವೆಗೆ ಲಗ್ನಪತ್ರಿಕೆ ಅಚ್ಚು ಹಾಕಿಸಿರಲಿಲ್ಲ. ನಿಮ್ಮ ತಾತನ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮಿಬ್ಬರ ಹೆಸರೂ ಒಂದೇ ಸಾಲಿನಲ್ಲಿ ಇರುವುದು ಅಲ್ಲಿ ಮಾತ್ರ. ಕಕ್ಕಸಿನ ಕಾಗದ ದೇವರ ಮನೆಗೆ ಯಾಕೆ ಬಂತು ಎಂದು ನಕ್ಕಿರಲ್ಲ, ಇದಕ್ಕೆ.

ಸಿಮೆಂಟು ಗಾಡಿಯಲ್ಲಿ ಬಂತು, ಗಾರೆಯವನು ತಿಪಟೂರಿನಿಂದ ಬಂದ. ಕಕ್ಕಸು ಎದ್ದು ನಿಂತ ಮೇಲೆ ಊರಿನ ಹೆಂಗಸರೆಲ್ಲ ಹೊಸ ಸೊಸೆಯನ್ನು ನೋಡುವ ಹಾಗೆ ಬಂದು ನೋಡಿದರು. ಭಾವನ ಹೆಂಡತಿ ಮಾತ್ರ ಅವತ್ತು ಬರಲಿಲ್ಲ. ನಾಲ್ಕನೆಯ ದಿನ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಐದನೆಯ ದಿನವೂ ಮಜ್ಜಿಗೆಗೆ ಬಂದರು. ಮಜ್ಜಿಗೆಯ ಪಾತ್ರೆ ತರುವುದನ್ನು ಮರೆತು ಬಂದ ದಿನ ಇಬ್ಬರೂ ಮುಖ ನೋಡಿಕೊಂಡು ನಕ್ಕುಬಿಟ್ಟೆವು. ಅವರು ಒಂದು ವರ್ಷ ಹಾಗೇ ಬಂದರು. ಆಮೇಲೆ ಭಾವ ತಾವೇ ಅರ್ಜಿ ಹಾಕಿದರು. ಅಳೆಯುವುದಕ್ಕೆ ಟೇಪು ತರಿಸಿದರಂತೆ.

ಅವೆಲ್ಲ ಇರಲಿ. ನಾನು ಹೇಳಬೇಕೆಂದಿದ್ದು ಒಂದು ಮಧ್ಯಾಹ್ನದ ವಿಷಯ. ಕಕ್ಕಸಿಗೆ ಬಾಗಿಲು ಕೂಡಿಸಿದ ಮಾರನೆಯ ದಿನ. ಬಿಸಿಲು ಜೋರಾಗಿತ್ತು. ಅಟ್ಟದಿಂದ ಕಾಯಿ ಇಳಿಸಿ ಸುಲಿಸುತ್ತಿದ್ದೆವು, ಅಂಗಳದ ತುಂಬ ಕೊಬ್ಬರಿಯ ವಾಸನೆ. ಅತ್ತೆ ಮಂಚದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ್ದನ್ನು ಈ ಕಡೆ, ಒಳಗೆ ಇನ್ನೂ ನೀರಿದ್ದದ್ದನ್ನು ಆ ಕಡೆ ಹಾಕುತ್ತಿದ್ದರು. ಇದ್ದಕ್ಕಿದ್ದ ಹಾಗೆ, "ಗಂಗಾ, ಬಾಯಾರಿಕೆ ಕಣೇ," ಎಂದರು. ಚೊಂಬು ಕೊಟ್ಟೆ. ತಲೆ ಹಿಂದಕ್ಕೆ ಬಾಗಿಸಿ ಗಟಗಟ ಕುಡಿದರು. ಕತ್ತಿನ ಮೇಲೆ, ಸೀರೆಯ ಮೇಲೆ ನೀರು ಸುರಿಯಿತು, ಒರೆಸಿಕೊಳ್ಳಲಿಲ್ಲ. ಚೊಂಬನ್ನು ತಲೆಕೆಳಗು ಮಾಡಿ ತೋರಿಸಿ, ಹಳೆಯ ಗದರಿಕೆಯಲ್ಲೇ ಹೇಳಿದರು: "ಏನೇ ನೋಡ್ತಾ ನಿಂತೆ? ಇನ್ನೊಂದ್ ಚೊಂಬು ತಾ."

ತಂದುಕೊಟ್ಟೆ. ಆಮೇಲೆ ನಾನೂ ಒಂದು ಚೊಂಬು ಕುಡಿದೆ. ಹೊತ್ತು ಇನ್ನೂ ನೆತ್ತಿಯ ಮೇಲೇ ಇತ್ತು.